ಅಟ್ಟೆಯೊಳಗಿನ ಆಯುಷ್ಯ

ಭಾನುವಾರದ ಉಷಃಕಾಲದಲ್ಲಿ, ವಾಹನಗಳಿಗೆ ಪ್ರವೇಶವಿಲ್ಲದ ಕಬ್ಬನ್ ಉದ್ಯಾನದ ರಸ್ತೆಗಳ ಮೇಲೆ ಮಬ್ಬು ಇನ್ನೂ ಹರಿಯದಿರುವಾಗ, ಬಿದಿರುಮೆಳೆಯೊಂದರ ಬಳಿ ಕಣ್ಣು ಮುಚ್ಚಿ ನಿಂತು ಕೇಳಿದರೆ, ಓಡಿಬರುವವರ ಹೆಜ್ಜೆಯ ಸಪ್ಪಳದಲ್ಲಿಯೇ ಅವರವರ ಪಾದರಕ್ಷೆಗಳ ವಯಸ್ಸು ತಿಳಿಯುತ್ತದೆಂದು ನನಗೆ ಮೊದಲು ಹೇಳಿದವರು, ಮೂವತ್ತು ವರ್ಷಗಳಿಂದ ಹುಡುಗರಿಗೆ ಓಟ ಕಲಿಸುತ್ತ ಬಂದಿರುವ ಒಬ್ಬ ಹಿರಿಯ ತರಬೇತುದಾರರು. ಹೊಸ ಶೂ ನೆಲವನ್ನು ಮುಟ್ಟುವಾಗ ಹತ್ತಿಯ ಮೂಟೆಯನ್ನು ಇಳಿಸಿದಂತೆ ಮಂದ್ರವಾದ ಸದ್ದು. ಸವೆದ ಶೂ ಮುಟ್ಟುವಾಗ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂತೆ ಚಪ್ಪಟೆಯಾದ ಸದ್ದು. ಆ ಮಾತನ್ನು ಕೇಳಿದ ದಿನ ಅದು ಅತಿಶಯೋಕ್ತಿಯೆಂದೇ ಭಾವಿಸಿದ್ದೆನಾದರೂ, ಅನಂತರ ಹಲವು ಭಾನುವಾರಗಳು ಕಿವಿಗೊಟ್ಟು ಕೇಳಿದ ಮೇಲೆ, ಆ ಭೇದ ನಿಜವಾಗಿಯೂ ಉಂಟೆಂಬುದು ನನಗೂ ಮನದಟ್ಟಾಯಿತು. ನನ್ನ ಹೆಜ್ಜೆಯ ಸದ್ದು ಎರಡನೆಯ ಬಗೆಯದಾಗಿದೆಯೆಂದು ಅವರು ತಿಳಿಸಿದ ಬೆಳಗ್ಗೆಯೇ ಈ ಲೇಖನದ ವಿಚಾರ ನನ್ನಲ್ಲಿ ಮೊಳೆತದ್ದು.

ಓಟ ಮುಗಿದ ಮೇಲೆ ದರ್ಶಿನಿಯೊಂದರ ಮುಂದೆ, ಇಡ್ಲಿ-ವಡೆಯ ತಟ್ಟೆಯನ್ನು ಎತ್ತರದ ಮೇಜಿನ ಮೇಲಿರಿಸಿಕೊಂಡು ನಿಲ್ಲುವ ಓಟಗಾರರ ಮಾತು ಎಲ್ಲಿಂದ ಹೊರಟರೂ ಕಡೆಗೆ ಶೂಗಳ ಪ್ರಸ್ತಾಪಕ್ಕೆ ಬಂದು ಸೇರುತ್ತದೆ; ಬೆಳೆಗಾರರು ಕೂಡಿದಲ್ಲಿ ಮಳೆಯ ಮಾತು ಬರುವಷ್ಟೇ ಅದು ಸಹಜ. ಬ್ಯಾಂಕಿನ ಉದ್ಯೋಗದಿಂದ ನಿವೃತ್ತರಾದ ಮೇಲೆ ಓಟಕ್ಕೆ ತೊಡಗಿದ, ದೇಹಭಾರವೂ ಸ್ವಲ್ಪ ಹೆಚ್ಚಾಗಿರುವ ಒಬ್ಬ ಮಹನೀಯರು, ದಪ್ಪ ಅಟ್ಟೆಯ ಶೂಗಳನ್ನು ಮಗ ತಂದುಕೊಟ್ಟ ದಿನದಿಂದ ಮಂಡಿನೋವು ಇಳಿದಿರುವುದನ್ನು ಕೃತಜ್ಞತೆಯಿಂದ ಹೇಳಿಕೊಳ್ಳುತ್ತಾರೆ: “ಹತ್ತಿ ಹಾಸಿಗೆ ಮೇಲೆ ಕಾಲಿಟ್ಟ ಹಾಗಿರುತ್ತೆ ಸಾರ್. ಲಾಲ್‌ಬಾಗಿನ ಇಳಿಜಾರಿನಲ್ಲೂ ಮಂಡಿ ತಕರಾರು ಮಾಡೋದಿಲ್ಲ.” ಅವರ ಪಕ್ಕದಲ್ಲಿಯೇ ನಿಂತ, ಪೂರ್ಣ ಮ್ಯಾರಥಾನಿನ ಸಿದ್ಧತೆಗಾಗಿ ವಾರಕ್ಕೆ 60 ಕಿಲೋಮೀಟರ್ ಓಡುವ ತರುಣಿಯ ಅನುಭವ ಬೇರೆ: “ಮೊದಲ ತಿಂಗಳು ತುಂಬಾ ಚೆನ್ನಾಗಿರುತ್ತೆ ಅಂಕಲ್. ಮೂರನೇ ತಿಂಗಳಿಗೆ ಸೋಲ್ ಸತ್ತೇ ಹೋಗುತ್ತೆ. ಹದಿನಾಲ್ಕು ಸಾವಿರ ಕೊಟ್ಟು ತಗೊಂಡಿದ್ದು.” ಇವರಿಬ್ಬರನ್ನೂ ಕೇಳಿಸಿಕೊಳ್ಳುತ್ತಿದ್ದ ಮತ್ತೊಬ್ಬರು, ಒಂದೇ ಜೊತೆಯಲ್ಲಿ 1,200 ಕಿಲೋಮೀಟರ್ ಓಡಿ ಇನ್ನೂ ಅದನ್ನೇ ತೊಟ್ಟಿರುವುದನ್ನು ಕಾಲು ಮಡಿಸಿ ತೋರಿಸುತ್ತಾರೆ, ಕೆಳಗಿನ ರಬ್ಬರಿನ ಗೀರುಗಳು ಇನ್ನೂ ಅಚ್ಚುಕಟ್ಟಾಗಿವೆ.

ಮೂವರೂ ಸತ್ಯವನ್ನೇ ನುಡಿಯುತ್ತಿದ್ದಾರೆ. ಆದರೂ ಒಬ್ಬರ ಮಾತು ಮತ್ತೊಬ್ಬರಿಗೆ ಒಪ್ಪಿಗೆಯಾಗುವುದಿಲ್ಲ. ಏಕೆಂದರೆ ಮೊದಲನೆಯವರು ಹೇಳುತ್ತಿರುವುದು ಸುಖವನ್ನು, ಎರಡನೆಯವಳು ಹೇಳುತ್ತಿರುವುದು ಬಾಳಿಕೆಯನ್ನು, ಮೂರನೆಯವರು ತೋರಿಸುತ್ತಿರುವುದು ಹೊರಗಣ ರಬ್ಬರನ್ನು. ಸುಖ, ಬಾಳಿಕೆ ಎಂಬ ಎರಡು ಗುಣಗಳನ್ನು ಅಂಗಡಿಯವರು ಒಂದೇ ಉಸಿರಿನಲ್ಲಿ ಹೊಗಳುವುದನ್ನು ಕೇಳಿ ಕೇಳಿ, ಅವೆರಡೂ ಜೊತೆಯಾಗಿಯೇ ಬರತಕ್ಕವೆಂದು ನಾವು ನಂಬಿಬಿಟ್ಟಿದ್ದೇವೆ. ನನಗೆ ತೋರುವ ಮಟ್ಟಿಗೆ ವಸ್ತುಸ್ಥಿತಿ ಹಾಗಿಲ್ಲ. ಹಣತೆಯಲ್ಲಿ ಬೆಳಕಾಗುವುದೂ ಕಡಮೆಯಾಗುವುದೂ ಒಂದೇ ಎಣ್ಣೆಯಲ್ಲವೇ? ಶೂವಿನ ಅಟ್ಟೆಯಲ್ಲಿ ಪಾದಕ್ಕೆ ಹಿತವಾಗಿ ಒದಗುವ ಮೆತ್ತನೆಯೂ ಅಂತೆಯೇ ಹೆಜ್ಜೆಹೆಜ್ಜೆಗೆ ವ್ಯಯವಾಗತಕ್ಕ ದ್ರವ್ಯ.

ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಓಟದ ಶೂವಿನ ಅಡಿಯಲ್ಲಿ ನೆಲವನ್ನು ಮುಟ್ಟುವುದು ತೆಳುವಾದ ರಬ್ಬರಿನ ಪದರ. ಪಾದಕ್ಕೆ ತಾಗುವುದು ಕೈಯಿಂದ ಎಳೆದು ತೆಗೆಯಬಹುದಾದ ಒಳಹಾಸು. ಇವೆರಡರ ನಡುವೆ ಎರಡು ಬೆರಳು ದಪ್ಪಕ್ಕೆ ಕೂತಿರುವುದೇ ಎಲ್ಲರೂ ಫೋಮ್ ಎಂದು ಕರೆಯುವ ಮೆತ್ತೆ. ಬಹುಕಾಲದಿಂದ ಈ ಮೆತ್ತೆಗೆ ಬಳಕೆಯಾಗುತ್ತ ಬಂದಿರುವುದು ಇ.ವಿ.ಎ. ಎಂಬ, ಎಥಿಲೀನ್ ಮತ್ತು ವಿನೈಲ್ ಅಸಿಟೇಟ್‌ಗಳ ಸಂಯೋಗದಿಂದಾದ ಪದಾರ್ಥ. ಬಿಸಿಯಲ್ಲಿ ಅನಿಲವನ್ನು ಹುಟ್ಟಿಸಿ ಅದನ್ನು ಉಬ್ಬಿಸಿದಾಗ, ಹದವಾಗಿ ಹುಳಿಬಂದ ಹಿಟ್ಟಿನ ಇಡ್ಲಿಯನ್ನು ಮುರಿದರೆ ಕಾಣುವಂತೆ, ಅದರ ಒಡಲೆಲ್ಲ ಸೂಕ್ಷ್ಮವಾದ ಗೂಡುಗಳಿಂದ ತುಂಬುತ್ತದೆ. ಇಡ್ಲಿಯ ಗೂಡುಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ, ಇವಾದರೋ ಒಂದೊಂದೂ ಮುಚ್ಚಿದ ಕೋಶ, ಒಳಗೆ ಅನಿಲ ಸೆರೆಯಾಗಿರುತ್ತದೆ. ಹಿಮ್ಮಡಿ ಊರಿದಾಗ ಕೋಶಗಳ ಗೋಡೆ ಬಾಗಿ ಅನಿಲ ಒತ್ತಿಕೊಳ್ಳುತ್ತದೆ. ಕಾಲೆತ್ತಿದಾಗ ಎರಡೂ ಮೊದಲಿನ ಸ್ಥಿತಿಗೆ ಹಿಂದಿರುಗುತ್ತವೆ. ಆದರೆ ಪ್ರತಿಸಲವೂ ಕಿಂಚಿತ್ತು ಬಾಕಿ ಉಳಿದುಬಿಡುತ್ತದೆ. ಓಡುವವನ ಹೆಜ್ಜೆಗೆ ನೆಲ ಹಿಂದಿರುಗಿಸುವ ಬಲ ಅವನ ಭಾರದ ಎರಡರಿಂದ ಮೂರು ಪಟ್ಟು. ಕಿಲೋಮೀಟರಿಗೆ ಸುಮಾರು 1,000 ಹೆಜ್ಜೆಯೆಂದರೂ ಒಂದೊಂದು ಕಾಲಿಗೆ 500. ಆ ಲೆಕ್ಕದಲ್ಲಿ 70 ಕಿಲೋ ತೂಗುವವನೊಬ್ಬನು 600 ಕಿಲೋಮೀಟರ್ ಓಡುವಷ್ಟರಲ್ಲಿ, ಅವನ ಒಂದೊಂದು ಶೂವೂ ಸುಮಾರು ಒಂದೂವರೆ ಕ್ವಿಂಟಾಲಿನ, ಇಲ್ಲವೇ ಅದಕ್ಕೂ ಮಿಕ್ಕ ಹೊರೆಯನ್ನು ಮೂರು ಲಕ್ಷ ಸಲ ಹೊತ್ತು ಇಳಿಸಿರುತ್ತದೆ. ಗೋಡೆಗಳು ಸುಕ್ಕುಗಟ್ಟುತ್ತವೆ, ಕೆಲವು ಬಿರಿಯುತ್ತವೆ, ಅನಿಲ ಹೊರಟುಹೋಗುತ್ತದೆ. ಇಷ್ಟೆಲ್ಲ ಒಳಗೆ ನಡೆಯುತ್ತಿರುವಾಗ ಹೊರಗಣ ರಬ್ಬರಿಗೆ ಅದರ ಸುಳಿವೇ ಇರುವುದಿಲ್ಲ. ದರ್ಶಿನಿಯ ಮುಂದೆ ಕಾಲು ಮಡಿಸಿ ತೋರಿಸಿದ ಮಿತ್ರರು ಗೀರುಗಳನ್ನು ನೋಡಿ ಶೂವಿನ ಆಯುಷ್ಯವನ್ನು ನಿರ್ಣಯಿಸಿದ್ದು, ಮರದ ತೊಗಟೆಯನ್ನು ನೋಡಿ ತಿರುಳಿನ ಆರೋಗ್ಯವನ್ನು ಹೇಳಿದಂತೆ.

ನಾನು ಪಾಠಶಾಲೆಯಲ್ಲಿದ್ದಾಗ ಇಂಥ ಮೆತ್ತೆಯ ಕಲ್ಪನೆಯೂ ನಮಗಿರಲಿಲ್ಲ. ಶನಿವಾರದ ಕವಾಯತಿಗೆ ಬಿಳಿಯ ಕ್ಯಾನ್ವಾಸ್ ಶೂ. ಶುಕ್ರವಾರ ಸಂಜೆ ಅದನ್ನು ತೊಳೆದು, ಒದ್ದೆಯಿರುವಾಗಲೇ ಸೀಮೆಸುಣ್ಣವನ್ನು ತೇಯ್ದು ಬಳಿದು, ಹಂಚಿನ ಮೇಲೆ ಒಣಗಿಸುತ್ತಿದ್ದೆವು. ಅದರ ಅಡಿ ಒಂದು ಹಾಳೆ ರಬ್ಬರು ಮಾತ್ರ. ಅದು ಕಚ್ಚುತ್ತಿತ್ತು, ಬೊಬ್ಬೆ ಎಬ್ಬಿಸುತ್ತಿತ್ತು; ಆದರೆ ನಮ್ಮ ಆಟದ ಬಯಲು ಕೆಮ್ಮಣ್ಣಿನದು, ಮಳೆಗಾಲದಲ್ಲಿ ಹುಲ್ಲು ಬೆಳೆಯುವಂಥದು, ಬೀಳುವವನನ್ನೂ ಮೆಲ್ಲಗೆ ಹಿಡಿಯುವಂಥದು. ಮೆತ್ತನೆ ಆಗ ನೆಲದಲ್ಲಿತ್ತು. ಕರಾವಳಿಯ ಕಂಬಳದ ಗದ್ದೆಯಲ್ಲಿ ಕೋಣಗಳ ಹಿಂದೆ ಬರಿಗಾಲಿನಲ್ಲಿ ಓಡುವವನಿಗೆ ಇಂದಿಗೂ ಅದು ನೆಲದಲ್ಲಿಯೇ ಇದೆ. ನೆಲಕ್ಕೆ ಡಾಂಬರೂ ಕಾಂಕ್ರೀಟೂ ಬಂದು, ಕುಳಿತು ದುಡಿಯುವ ನಗರದ ಜನ ಆರೋಗ್ಯಕ್ಕಾಗಿ ಆ ಗಟ್ಟಿನೆಲದ ಮೇಲೆಯೇ ಓಡಲು ಹೊರಟ ಕಾಲಕ್ಕೆ, ಮೆತ್ತನೆಯನ್ನು ಕಾಲಿಗೇ ಕಟ್ಟಿಕೊಳ್ಳಬೇಕಾಯಿತು.

ಆ ಕಾಲ ಅಮೆರಿಕದಲ್ಲಿ ಬಂದದ್ದು 1970ರ ದಶಕದಲ್ಲಿ. ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಓಟ ಕಲಿಸುತ್ತಿದ್ದ ಬಿಲ್ ಬೋವರ್ಮನ್ ತಮ್ಮ ಮನೆಯ ವಾಫಲ್ ಕಾವಲಿಗೆ ರಬ್ಬರನ್ನು ಹುಯ್ದು ಹೊಸಬಗೆಯ ಅಟ್ಟೆಯನ್ನು ರೂಪಿಸಿದ್ದು ಆ ದಶಕದ ಆದಿಯಲ್ಲಿ. ಬ್ರೂಕ್ಸ್ ಸಂಸ್ಥೆ ಇ.ವಿ.ಎ. ಮೆತ್ತೆಯನ್ನು ಓಟದ ಶೂವಿಗೆ ತಂದದ್ದು ಅದರ ಮಧ್ಯಭಾಗದಲ್ಲಿ. ವಿಮಾನ ಮತ್ತು ಅಂತರಿಕ್ಷ ಯಂತ್ರವಿದ್ಯೆಯಲ್ಲಿ ಪಳಗಿದ್ದ ಫ್ರಾಂಕ್ ರೂಡಿ ಎಂಬುವರ ಯೋಜನೆಯಂತೆ ಗಾಳಿಯ ಚೀಲವನ್ನೇ ಅಟ್ಟೆಯೊಳಗಿಟ್ಟ ನೈಕಿ ಶೂ ಹೊರಬಂದದ್ದು ಅದರ ಕೊನೆಯಲ್ಲಿ. ಜಪಾನಿನ ಕೋಬೆ ನಗರದಲ್ಲಿ 1949ರಲ್ಲಿ ಕಿಹಾಚಿರೋ ಒನಿತ್ಸುಕ ಆರಂಭಿಸಿದ, ಮುಂದೆ ಆಸಿಕ್ಸ್ ಎಂಬ ಹೆಸರನ್ನು ಪಡೆದ ಸಂಸ್ಥೆ 1986ರಲ್ಲಿ ಜೆಲ್ ಇಟ್ಟ ಶೂಗಳನ್ನು ತಂದಿತು. ಆದರೆ ಇಂದು ಕಬ್ಬನ್ ಉದ್ಯಾನದಲ್ಲಿ ಕಾಣುವ ಗೋಪುರದಂಥ ಅಟ್ಟೆಗಳ ವಂಶ ಇವಾವುದರಿಂದಲೂ ನೇರವಾಗಿ ಇಳಿದುಬಂದದ್ದಲ್ಲ. 2009ರಲ್ಲಿ ಫ್ರಾನ್ಸಿನ ಆನ್ಸಿ ಪಟ್ಟಣದ ಸುತ್ತಿನ ಬೆಟ್ಟಗಳಲ್ಲಿ, ಇಳಿಜಾರಿನಲ್ಲಿ ವೇಗವಾಗಿ ಓಡಲು ಅನುಕೂಲವಾದ ಶೂ ಬೇಕೆಂದು ನಿಕೊಲಾ ಮೆರ್ಮೂ ಮತ್ತು ಜಾನ್-ಲೂಕ್ ದಿಯಾರ್ ಎಂಬಿಬ್ಬರು ಹೋಕಾ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷದಲ್ಲಿಯೇ ಅಮೆರಿಕದ ಕ್ರಿಸ್ಟಫರ್ ಮೆಕ್‌ಡೂಗಲ್ ಬರೆದ ‘ಬಾರ್ನ್ ಟು ರನ್’ ಪ್ರಕಟವಾಗಿ, ಬರಿಗಾಲ ಓಟದ ಉತ್ಸಾಹವನ್ನು ದೇಶದೇಶಗಳಲ್ಲಿ ಹಬ್ಬಿಸಿತು. ಒಂದು ಕಡೆ ಅಟ್ಟೆ ಹಿಂದೆಂದಿಗಿಂತಲೂ ದಪ್ಪವಾಗುತ್ತಿದ್ದ ಕಾಲದಲ್ಲಿಯೇ ಇನ್ನೊಂದು ಕಡೆ ಅಟ್ಟೆಯೇ ಬೇಡವೆಂಬ ವಾದ ಎದ್ದದ್ದು, ಈ ಪ್ರಶ್ನೆ ಎಷ್ಟು ಅನಿರ್ಣೀತವಾಗಿತ್ತೆಂಬುದನ್ನು ತೋರಿಸುತ್ತದೆ.

ಬರಿಗಾಲಿನ ಪಕ್ಷಕ್ಕೆ ದೊಡ್ಡ ದೊಡ್ಡ ಸಾಕ್ಷಿಗಳಿರುವುದೂ ಸುಳ್ಳಲ್ಲ. ಇಥಿಯೋಪಿಯದ ಅಬೆಬೆ ಬಿಕಿಲ 1960ರಲ್ಲಿ ರೋಮಿನ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಓಡಿ ಒಲಿಂಪಿಕ್ ಮ್ಯಾರಥಾನನ್ನು ಗೆದ್ದರು. ನಾಲ್ಕು ವರ್ಷಗಳ ಮೇಲೆ ಟೋಕಿಯೋದಲ್ಲಿ ಶೂ ತೊಟ್ಟು ಅದಕ್ಕಿಂತ ವೇಗವಾಗಿ ಓಡಿ ಮತ್ತೆ ಗೆದ್ದರೆಂಬುದನ್ನೂ ಜೊತೆಗೆ ನೆನೆಯಬೇಕು. ನಮ್ಮವರೇ ಆದ ಬಿಹಾರದ ಶಿವನಾಥ್ ಸಿಂಗ್, ಬರಿಗಾಲ ಓಟಕ್ಕೆ ಹೆಸರಾದವರು, 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ 11ನೆಯವರಾಗಿ ಬಂದರು. 1978ರಲ್ಲಿ ಜಲಂಧರದಲ್ಲಿ ಅವರು ಸ್ಥಾಪಿಸಿದ 2 ಗಂಟೆ 12 ನಿಮಿಷಗಳ ರಾಷ್ಟ್ರೀಯ ದಾಖಲೆ, ಮೆತ್ತೆಗಳ ಮೇಲೆ ಮೆತ್ತೆಗಳು ಬಂದು ಹೋದ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅಚಲವಾಗಿ ನಿಂತಿತು. ಆದರೆ ಬಾಲ್ಯದಿಂದ ಬರಿಗಾಲಿನಲ್ಲಿ ನಡೆದು ಹದಗೊಂಡ ಪಾದವನ್ನೂ, ನಲವತ್ತು ವರ್ಷ ಮೇಜಿನ ಕೆಳಗೆ ತಂಪಾಗಿದ್ದ ಪಾದವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಮೆತ್ತೆ ನಮ್ಮನ್ನು ನಿಜವಾಗಿ ಕಾಯುತ್ತದೆಯೆ? ವಿದ್ವಾಂಸರಲ್ಲಿಯೂ ಏಕಾಭಿಪ್ರಾಯವಿಲ್ಲ. ಕಾಲೆಂಬುದು ಒಂದು ಸ್ಪ್ರಿಂಗು. ಮೆತ್ತನೆಯ ನೆಲ ಸಿಕ್ಕಿದಾಗ ತಾನು ಬಿಗಿಯಾಗಿಯೂ ಗಟ್ಟಿನೆಲ ಸಿಕ್ಕಿದಾಗ ತಾನು ಸಡಿಲವಾಗಿಯೂ ಹೊಂದಿಕೊಳ್ಳುವ ವಿವೇಕ ಅದಕ್ಕೆ ಹುಟ್ಟಿನಿಂದ ಬಂದದ್ದು. ಆದಕಾರಣ 2018ರಲ್ಲಿ ಫಿನ್ಲೆಂಡಿನ ಸಂಶೋಧಕರು ಅತಿದಪ್ಪ ಮೆತ್ತೆಯ ಶೂವನ್ನು ಸಾಧಾರಣ ಶೂವಿನೊಡನೆ ಹೋಲಿಸಿ ನೋಡಿದಾಗ, ವೇಗವಾದ ಓಟದಲ್ಲಿ ದಪ್ಪ ಶೂ ತೊಟ್ಟವರ ಕಾಲಿನ ಆಘಾತ ಕಡಮೆಯಾಗುವುದಕ್ಕೆ ಬದಲಾಗಿ ಹೆಚ್ಚಿದ್ದು ಕಂಡುಬಂತು. ಅದನ್ನು ಓದಿ ಮೆತ್ತೆಯೇ ಅಪಾಯವೆಂದು ತೀರ್ಮಾನಿಸುವಷ್ಟರಲ್ಲಿ, 2020ರಲ್ಲಿ ಲಕ್ಸೆಂಬರ್ಗ್ ದೇಶದಿಂದ ಬೇರೊಂದು ವರದಿ ಬಂತು. ಅಲ್ಲಿ 848 ಮಂದಿ ಹವ್ಯಾಸಿ ಓಟಗಾರರಿಗೆ ಹೊರನೋಟಕ್ಕೆ ಒಂದೇ ತೆರನಾದ, ಆದರೆ ಕೆಲವಕ್ಕೆ ಗಟ್ಟಿ ಮೆತ್ತೆಯನ್ನೂ ಕೆಲವಕ್ಕೆ ಮೃದು ಮೆತ್ತೆಯನ್ನೂ ಇಟ್ಟ ಶೂಗಳನ್ನು, ಯಾವುದು ಯಾವುದೆಂದು ತಿಳಿಸದೆ ಕೊಟ್ಟು, ಆರು ತಿಂಗಳು ಗಮನಿಸಿದರು. ಗಟ್ಟಿ ಮೆತ್ತೆಯವರಲ್ಲಿ ಗಾಯಾಳುಗಳು ಹೆಚ್ಚು. ಭಾರವುಳ್ಳವರಿಗೆ ಮೃದುತ್ವ ಹೆಚ್ಚು ನೆರವಾಗಬಹುದೆಂದು ಯಾರಾದರೂ ಊಹಿಸುವುದು ಸಹಜ. ಅಲ್ಲಿ ಅದರ ಪ್ರಯೋಜನ ಸ್ಪಷ್ಟವಾಗಿ ಕಂಡದ್ದು ಹಗುರ ಮೈಯವರಲ್ಲಿ. ಪ್ರಯೋಗಶಾಲೆಯ ಯಂತ್ರ ಅಳೆದ ಆಘಾತಕ್ಕೂ ಆರು ತಿಂಗಳ ಬದುಕಿನಲ್ಲಿ ಬರುವ ನೋವಿಗೂ ನೇರವಾದ ದಾರಿಯಿಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ತಿಳಿಯದು.

ಕೆನಡದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೋ ನಿಗ್, ಜೀವಮಾನವನ್ನೆಲ್ಲ ಓಟದ ಶೂಗಳ ಅಧ್ಯಯನದಲ್ಲಿ ಕಳೆದವರು, 2015ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಮುಂದಿಟ್ಟ ಅಭಿಪ್ರಾಯ ಸರಳವಾದದ್ದು: ತೊಟ್ಟವನಿಗೆ ಯಾವುದು ಹಿತವೆನಿಸುವುದೋ ಅದೇ ಅವನಿಗೆ ಪ್ರಾಯಶಃ ಸುರಕ್ಷಿತವೂ ಆಗಿರುತ್ತದೆ, ದೇಹ ತನಗೆ ಸಲ್ಲುವ ಚಲನೆಯನ್ನು ತಾನೇ ಬಲ್ಲುದು, ಹಿತವೆಂಬುದು ಅದರ ಒಪ್ಪಿಗೆಯ ಸೂಚನೆ. ನನಗೆ ಈ ಮಾತು ಬಹಳ ಹಿಡಿಸಿತು. ನಮ್ಮ ಊರುಗಳಲ್ಲಿ ಮೆಟ್ಟು ಮಾಡಿಕೊಡುತ್ತಿದ್ದವರು ಇದನ್ನು ಎಂದೋ ಬಲ್ಲವರಾಗಿದ್ದರು. ಬಾಲ್ಯದಲ್ಲಿ ನನ್ನ ತಾತನವರನ್ನು ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಸೀಸದಕಡ್ಡಿಯಿಂದ ಗೆರೆ ಎಳೆದು, ಹೆಬ್ಬೆರಳ ಪಕ್ಕದ ಗಂಟನ್ನು ಬೆರಳಿನಿಂದ ತಡವಿ ನೋಡಿ, “ಇಲ್ಲಿ ಸ್ವಲ್ಪ ಸಡ್ಲ ಬುಡ್ತೀನಿ ಸ್ವಾಮಿ” ಎನ್ನುತ್ತಿದ್ದ ಆ ಕುಶಲಿಯ ಬೆರಳುಗಳು ನನಗೆ ಇನ್ನೂ ನೆನಪಿವೆ. ಇಂದು ನಾವು ಒಂದು ಸಂಖ್ಯೆಯನ್ನು ಹೇಳಿ ಶೂ ಕೊಳ್ಳುತ್ತೇವೆ. ಪಾದದ ಅಗಲವನ್ನು ಕೇಳುವವರಿಲ್ಲ. ಬರಿಗಾಲಿನಲ್ಲಿಯೋ ತೆರೆದ ಚಪ್ಪಲಿಯಲ್ಲಿಯೋ ಬೆಳೆದು ಬೆರಳುಗಳು ಹರಡಿಕೊಂಡ ಪಾದ ನಮ್ಮಲ್ಲಿ ಅನೇಕರದು. ಅದನ್ನು ಕಿರಿದಾದ ಅಚ್ಚಿನ ಶೂವಿನೊಳಗೆ ತುರುಕಿದರೆ, ಅಡಿಯಲ್ಲಿ ಎಷ್ಟು ದಪ್ಪದ ಮೆತ್ತೆಯಿದ್ದರೇನು, ಕಿರುಬೆರಳು ನಲುಗುತ್ತದೆ, ಹೆಬ್ಬೆರಳ ಉಗುರು ಕರಿಹಿಡಿಯುತ್ತದೆ. ಅನೇಕ ಸಂಸ್ಥೆಗಳು ಅಗಲವಾದ ಪಾದಕ್ಕೆ 2ಇ, 4ಇ ಎಂಬ ಗುರುತಿನ ಶೂಗಳನ್ನು ತಯಾರಿಸುತ್ತವೆ. ಅವನ್ನು ಕೇಳಿ ಪಡೆಯಬೇಕು. ಪಾದ ಸ್ವಲ್ಪ ಊದಿರುವ ಸಂಜೆಯ ಹೊತ್ತಿನಲ್ಲಿ ಹೋಗಿ, ಓಟಕ್ಕೆ ತೊಡುವ ಕಾಲುಚೀಲವನ್ನೇ ತೊಟ್ಟು, ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರುವಂತೆ ನೋಡಿ ಕೊಳ್ಳುವವರು ದರ್ಶಿನಿಯ ಮುಂದೆ ದೂರು ಹೇಳುವುದು ಕಡಮೆ.

ಬಾಳಿಕೆಯ ವಿಷಯಕ್ಕೆ ಬರೋಣ. ಒಂದು ಜೊತೆ 500ರಿಂದ 800 ಕಿಲೋಮೀಟರ್ ಬರುತ್ತದೆಂಬುದು ಓಟಗಾರರಲ್ಲಿ ರೂಢಿಯಾಗಿರುವ ಲೆಕ್ಕ. ವಾರಕ್ಕೆ 60 ಕಿಲೋಮೀಟರ್ ಓಡುವ ಆ ತರುಣಿಯ ಮೂರು ತಿಂಗಳು ಆ ಲೆಕ್ಕಕ್ಕೆ ಸರಿಯಾಗಿಯೇ ಹೊಂದುತ್ತದೆ. ಆದರೆ ಮೆತ್ತೆ ಆ ಗಡಿಯವರೆಗೂ ಹೊಸದಾಗಿದ್ದು ಆಮೇಲೆ ಒಮ್ಮೆಗೇ ಕುಸಿಯುವುದೆಂದು ಭಾವಿಸುವುದು ತಪ್ಪು. 1985ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ, ಯಂತ್ರದಿಂದ ಓಟವನ್ನು ಅನುಕರಿಸಿ ಶೂಗಳನ್ನು ಬಡಿದು ನೋಡಿದಾಗ, ಮೊದಲ 80 ಕಿಲೋಮೀಟರಿನಷ್ಟರಲ್ಲಿಯೇ ಆಘಾತವನ್ನು ಹೀರುವ ಶಕ್ತಿ ಶೇಕಡ 75ಕ್ಕೆ ಇಳಿದಿತ್ತು. 240 ಕಿಲೋಮೀಟರಿನ ಹೊತ್ತಿಗೆ ಶೇಕಡ 67ರ ಸುಮಾರು. ಅಲ್ಲಿಂದಾಚೆಗೆ ಇಳಿತ ನಿಧಾನ. ಮನುಷ್ಯರು ತೊಟ್ಟು ಓಡಿದ ಶೂಗಳಾದರೋ 800 ಕಿಲೋಮೀಟರಾದ ಮೇಲೂ ಶೇಕಡ 70ರಷ್ಟನ್ನು ಉಳಿಸಿಕೊಂಡಿದ್ದವು. ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು ಮೆಚ್ಚಿದ ಮೆತ್ತನೆ, ಹಾಗಾದರೆ, ಮೊದಲ ಕೆಲವು ವಾರಗಳ ಅತಿಥಿ. ನಾವು ಬಹುಕಾಲ ಬಾಳುವುದು ಅದು ಹೋದ ಮೇಲೆ ಉಳಿಯುವ ಗಟ್ಟಿತನದೊಡನೆ.

ಈಚಿನ ಫೋಮ್‌ಗಳು ಈ ಸಮಸ್ಯೆಯನ್ನು ಬಗೆಹರಿಸಿಲ್ಲ, ಬೇರೆ ಬೇರೆಯಾಗಿ ಹಂಚಿವೆ. 2013ರಲ್ಲಿ ಅಡಿಡಾಸ್ ತಂದ ಬೂಸ್ಟ್, ಅರಳಿನಂತೆ ಉಬ್ಬಿಸಿದ ಪಾಲಿಯುರೆಥೇನ್ ಕಾಳುಗಳನ್ನು ಬೆಸೆದು ಮಾಡಿದ್ದು. ಭಾರವೆಂಬ ದೂರು ಅದರ ಮೇಲಿದ್ದರೂ, ಬಾಳಿಕೆಗೆ ಅದನ್ನು ಹೊಗಳದವರನ್ನು ನಾನು ಕಂಡಿಲ್ಲ. 2017ರಲ್ಲಿ ನೈಕಿ ತಂದ ವೇಪರ್‌ಫ್ಲೈ, ಪೆಬ್ಯಾಕ್ಸ್ ಎಂಬ ಹಗುರ ಫೋಮಿನ ನಡುವೆ ಇಂಗಾಲದ ಎಳೆಯ ತಗಡನ್ನಿಟ್ಟದ್ದು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಅದರ ಮಾದರಿಯನ್ನು ಅಳೆದಾಗ, ಒತ್ತುವಲ್ಲಿ ವ್ಯಯವಾದ ಶಕ್ತಿಯಲ್ಲಿ ಶೇಕಡ 87ನ್ನು ಅದು ಹಿಂದಿರುಗಿಸಿತು, ಬೂಸ್ಟ್ ಶೇಕಡ 76ರಷ್ಟನ್ನು. ಅಟ್ಟೆಗಳ ಈ ಸ್ಪರ್ಧೆ ಎಲ್ಲಿಗೆ ಮುಟ್ಟಿತೆಂದರೆ, 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಅಟ್ಟೆ 40 ಮಿಲಿಮೀಟರಿಗಿಂತ ದಪ್ಪವಿರಕೂಡದೆಂದು ವಿಧಿಸಬೇಕಾಯಿತು. ಇಂಥ ಶೂಗಳನ್ನು ಕೊಂಡ ನನ್ನ ಪರಿಚಿತರೆಲ್ಲರೂ, ಮದುವೆಗೆ ಮಾತ್ರ ಉಡುವ ರೇಷ್ಮೆಯ ಹಾಗೆ, ಸ್ಪರ್ಧೆಯ ದಿನಕ್ಕೆಂದು ಅವನ್ನು ಎತ್ತಿಡುತ್ತಾರೆ. ಅತ್ಯಂತ ಸುಖಕರವಾದದ್ದೇ ಅತ್ಯಂತ ಅಲ್ಪಾಯುವೆಂದು ಅವರ ಕಾಲುಗಳು ಕಂಡುಕೊಂಡಿವೆ.

ನನ್ನ ಹಳೆಯ ಜೊತೆಯ ವಿಷಯ ಹೇಳಬೇಕು. 740 ಕಿಲೋಮೀಟರ್ ಓಡಿದ ಅದನ್ನು ಕಾಗದದ ಚೀಲದಲ್ಲಿ ಹಾಕಿಕೊಂಡು ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯ ಬಳಿ, ಮರದ ನೆರಳಿನಲ್ಲಿ ಚಪ್ಪಲಿ ಹೊಲಿಯುತ್ತ ಕೂರುವ ಹಿರಿಯರೊಬ್ಬರ ಬಳಿಗೆ ಹೋದೆ. ಉದ್ದಕ್ಕೆ ಸೀಳಿಕೊಡಬೇಕೆಂದು ಕೇಳಿದಾಗ ಅವರು ಶೂವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಮೇಲೆಲ್ಲ ಚೆನ್ನಾಗೈತಲ್ಲ ಸಾರ್, ಯಾಕೆ ಕುಯ್ಯೋದು?” ಒಳಗೆ ಹೇಗಾಗಿದೆಯೆಂದು ನೋಡುವ ಆಸೆಯೆಂದೆ. ಹೆಬ್ಬೆರಳನ್ನು ಶೂವಿನೊಳಗೆ ತೂರಿಸಿ ಹಿಮ್ಮಡಿಯ ಜಾಗವನ್ನು ಒತ್ತಿ, “ಜೀವ ಇಲ್ಲ” ಎಂದಷ್ಟೇ ಹೇಳಿ, ರಂಪಿಗೆಯನ್ನು ಕಲ್ಲಿಗೆ ನಾಲ್ಕು ಸಲ ಎಳೆದು, ಹಿಮ್ಮಡಿಯಿಂದ ಮುಂದಕ್ಕೆ ಒಂದೇ ಸಮನೆ ಸೀಳಿದರು. ನಾನು ಒಯ್ದಿದ್ದ ಭೂತಗನ್ನಡಿಯಲ್ಲಿ ಇಬ್ಬರೂ ನೋಡಿದೆವು. ಪಾದದ ಕಮಾನಿನ ಕೆಳಗೆ, ಭಾರ ಅಷ್ಟಾಗಿ ಬೀಳದ ಕಡೆ, ಫೋಮು ಹಾಲಿನ ನೊರೆಯ ಹಾಗೆ ದುಂಡುದುಂಡಾಗಿಯೇ ಇತ್ತು. ಹಿಮ್ಮಡಿಯ ಹೊರಮಗ್ಗುಲಿಗೆ ಬರಬರುತ್ತ ದುಂಡುಗಳು ಅಂಡಾಕಾರವಾಗಿ, ಗೆರೆಗಳಾಗಿ, ಕಡೆಗೆ ಹಳದಿಗಟ್ಟಿದ ಒಂದು ದಟ್ಟ ಪಟ್ಟೆಯಾಗಿ ಅಡಗಿಹೋಗಿದ್ದವು. ನನ್ನ ನಡಿಗೆಯ ವಕ್ರತೆಯೆಲ್ಲ ಅಲ್ಲಿ ಬರೆದಿಟ್ಟ ಹಾಗಿತ್ತು. ಅದರ ಕೆಳಗೆ, ಎರಡು ಮಿಲಿಮೀಟರೂ ಸವೆಯದ ಕರಿಯ ರಬ್ಬರು. ಹಿರಿಯರು ಉಗುರಿನಿಂದ ಅದರ ಅಂಚನ್ನು ಎಬ್ಬಿಸಿ ನೋಡಿ, “ಇದು ಗಟ್ಟಿ ಐತೆ. ನಿಮಗೆ ಬ್ಯಾಡ ಅಂದ್ರೆ ನನಗಿರಲಿ” ಎಂದರು. ಎರಡು ಶೂಗಳನ್ನೂ ಅವರಿಗೇ ಬಿಟ್ಟು ಬಂದೆ.

ಬಾಳಿಕೆಗೆ ಓಟವೊಂದೇ ಶತ್ರುವಲ್ಲ, ಕಾಲವೂ ಶತ್ರುವೆಂಬುದು ನನಗೆ ಮಂಗಳೂರಿನಲ್ಲಿ ತಿಳಿಯಿತು. ಅಲ್ಲಿಯ ಬಂಧುಗಳ ಮನೆಯ ಅಟ್ಟದ ಮೇಲೆ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟಿದ್ದ, ಹೆಚ್ಚೇನೂ ತೊಡದ ಒಂದು ಜೊತೆಯನ್ನು ಏಳು ಮಳೆಗಾಲಗಳ ಮೇಲೆ ತೆಗೆದು ತೊಟ್ಟು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ, ಅಟ್ಟೆ ಹುರಿಹಿಟ್ಟಿನ ಉಂಡೆಯಂತೆ ಪುಡಿಯಾಗಿ ನೆಲದ ಮೇಲೆ ಉದುರಿತು. ಪಾಲಿಯುರೆಥೇನ್ ಜಾತಿಯ ಕೆಲವು ಅಟ್ಟೆಗಳು ಗಾಳಿಯ ತೇವದೊಡನೆ ಕೂಡಿ ಒಳಗಿಂದೊಳಗೇ ವಿಘಟನೆಯಾಗುತ್ತವೆ, ಇ.ವಿ.ಎ.ಗೆ ಈ ಬಾಧೆ ಇಲ್ಲ. ಇದನ್ನು ಅರಿಯದೆ, ಭಾರಿ ರಿಯಾಯಿತಿಯೆಂಬ ಫಲಕವನ್ನು ನಂಬಿ ನಗರದ ಒಂದು ಅಂಗಡಿಯಲ್ಲಿ ಕೊಂಡ ಮತ್ತೊಂದು ಜೊತೆಯ ಅಂಟು ಎರಡನೆಯ ವಾರದಲ್ಲಿಯೇ ಬಿಟ್ಟುಕೊಂಡಾಗ, ಪೆಟ್ಟಿಗೆಯ ಮೇಲಿನ ಚೀಟಿಯನ್ನು ನೋಡಿದೆ. ಅದು ತಯಾರಾಗಿ ನಾಲ್ಕು ವರ್ಷಗಳಾಗಿದ್ದವು. ತಿಂಗಳು ವರ್ಷಗಳನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕುವುದು ನಮ್ಮಲ್ಲಿ ಕಾನೂನಿನಿಂದಲೇ ವಿಹಿತವಾಗಿದೆ. ಬೆಲೆಯ ಜೊತೆಗೆ ಅದನ್ನೂ ಓದುವ ಅಭ್ಯಾಸ ನಮಗಾಗಬೇಕು. ಮಳೆಯಲ್ಲಿ ನೆನೆದ ಶೂವನ್ನು ಸುಡುಬಿಸಿಲಿಗೂ ಒಲೆಯ ಬಳಿಗೂ ಒಡ್ಡದೆ, ಒಳಹಾಸನ್ನು ಎಳೆದು ಬೇರೆ ಇಟ್ಟು, ಹಳೆಯ ವೃತ್ತಪತ್ರಿಕೆಗಳನ್ನು ತುರುಕಿ ನೆರಳಿನಲ್ಲಿ ಆರಿಸುವವರ ಶೂಗಳ ಅಂಟು ಗಟ್ಟಿಯಾಗಿರುವುದನ್ನು ನಾನು ಕಂಡಿದ್ದೇನೆ.

ಇಷ್ಟರ ಮೇಲೆ ನನ್ನದೊಂದು ಕೋರಿಕೆಯಿದೆ. ಕಂಠೀರವ ಕ್ರೀಡಾಂಗಣದ ಹೊರಗಡೆ, ಸೈನ್ಯದ ಭರ್ತಿಗೆ ಬೇಕಾದ 1.6 ಕಿಲೋಮೀಟರ್ ಓಟದ ಅಭ್ಯಾಸಕ್ಕೆಂದು ಹಾಸನದ ಕಡೆಯಿಂದ ಬಂದು ಸಂಬಂಧಿಕರ ಮನೆಯಲ್ಲಿ ಉಳಿದಿದ್ದ ಹುಡುಗನೊಬ್ಬನ ಪರಿಚಯ ನನಗಾಯಿತು. ಅವನ ಅಣ್ಣ ಗಾರೆ ಕೆಲಸದ ಕೂಲಿಯಲ್ಲಿ ಉಳಿಸಿ ಐದು ಸಾವಿರ ರೂಪಾಯಿಯ ಶೂ ಕೊಡಿಸಿದ್ದರು. “ಇದು ಎಷ್ಟು ದಿನ ಬರುತ್ತೆ ಸಾರ್?” ಎಂದು ಅವನು ಕೇಳಿದಾಗ, ಅಷ್ಟು ಓದಿ ತಿಳಿದುಕೊಂಡಿದ್ದ ನನ್ನಲ್ಲಿಯೂ ಖಚಿತವಾದ ಉತ್ತರವಿರಲಿಲ್ಲ, ಅವನ ಕೈಯಲ್ಲಿದ್ದ ಪೆಟ್ಟಿಗೆಯ ಮೇಲೆಯೂ ಇರಲಿಲ್ಲ. ಅದರ ಮೇಲೆ ಮೆತ್ತನೆಯ ವರ್ಣನೆ ನಾಲ್ಕು ಸಾಲಿತ್ತು. ಟೈರನ್ನೂ ವಿದ್ಯುದ್ದೀಪವನ್ನೂ ಇಷ್ಟು ದೂರ, ಇಷ್ಟು ಗಂಟೆ ಎಂದು ಹೇಳಿ ಮಾರಬಹುದಾದರೆ, ಯಂತ್ರದ ಕೆಳಗೆ ಶೂವನ್ನು ಲಕ್ಷ ಸಲ ಬಡಿದು ನೋಡುವ ಸಾಮರ್ಥ್ಯವುಳ್ಳ ತಯಾರಕರು, ಇದರ ಮೆತ್ತೆ ಅರ್ಧಕ್ಕಿಳಿಯುವುದು ಇಷ್ಟು ಕಿಲೋಮೀಟರಿಗೆ ಎಂದು ಒಂದು ಸಾಲು ಬರೆಯುವುದು ಅಸಾಧ್ಯವಲ್ಲ. ಹದಿನೈದು ಸಾವಿರ ಕೊಡಬಲ್ಲವನಿಗೆ ಆ ಸಾಲು ಒಂದು ಸೌಕರ್ಯ; ಆ ಅಣ್ಣನಿಗೆ ಅದು ಹತ್ತು ದಿನದ ದುಡಿಮೆಯ ಲೆಕ್ಕ. ಅಲ್ಲಿಯವರೆಗೆ ನಮ್ಮ ಲೆಕ್ಕವನ್ನು ನಾವೇ ಇಟ್ಟುಕೊಳ್ಳಬೇಕು. ಕೊಂಡ ತಾರೀಖನ್ನು ಒಳಹಾಸಿನ ಕೆಳಗೆ ಬರೆದುಕೊಳ್ಳುವುದನ್ನೂ, ಮಟ್ಟವಾದ ಮೇಜಿನ ಮೇಲೆ ಜೊತೆಯನ್ನಿಟ್ಟು ಹಿಂದಿನಿಂದ ನೋಡಿ ವಾಲಿದೆಯೇ ಎಂದು ಪರೀಕ್ಷಿಸುವುದನ್ನೂ ಆ ಹುಡುಗನಿಗೆ ತೋರಿಸಿಕೊಟ್ಟೆ. ಅವನು ಅಲ್ಲಿಯೇ ಒಳಹಾಸನ್ನು ಎಬ್ಬಿಸಿ, ನನ್ನ ಪೆನ್ನನ್ನು ತೆಗೆದುಕೊಂಡು ತಾರೀಖನ್ನು ಬರೆದು, ಅದರ ಕೆಳಗೆ ಅಣ್ಣನ ಹೆಸರನ್ನೂ ಬರೆದ.

ಕಳೆದ ತಿಂಗಳು ಮಲ್ಲೇಶ್ವರಕ್ಕೆ ಹೋದಾಗ ಹೂವಿನವರ ಸಾಲಿನಲ್ಲಿ ಎರಡು ಮೊಳ ಮಲ್ಲಿಗೆ ಕೊಂಡೆ. ಹೂವಿನಾಕೆ ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಸರಿಸಲೆಂದು ತುದಿಗಾಲಿನಲ್ಲಿ ಮುಂದಕ್ಕೆ ಬಾಗಿದರು. ಅವರ ಚಪ್ಪಲಿಯ ಹಿಮ್ಮಡಿಗೆ ಕರಿಯ ರಬ್ಬರಿನ ತುಂಡೊಂದನ್ನು ಅಚ್ಚುಕಟ್ಟಾಗಿ ಕೊರೆದು, ಸುತ್ತ ಮೊಳೆ ಹೊಡೆದು ಕೂರಿಸಲಾಗಿತ್ತು. ಅದರ ಮೇಲೆ, ಹೊರಮಗ್ಗುಲಿಗೆ ವಾರೆಯಾಗಿ ಹೋಗುವ ನಾಲ್ಕು ಗೀರುಗಳು, ನಾನು ಚೆನ್ನಾಗಿ ಬಲ್ಲವು.